ಮೇಡಂ ಬೋರ್ಡಿನ ಮೇಲೆ ಬರೆದ ಒಂದು ಪದ

ಸೆಕೆಂಡ್ ಪಿಯುಸಿ ಸೈನ್ಸ್‌ನಲ್ಲಿ ನಮಗೆ ಇಂಗ್ಲಿಷ್ ಪೀರಿಯಡ್ ಇದ್ದದ್ದು ಮಧ್ಯಾಹ್ನ ಊಟವಾದ ಮೇಲೆ. ಒಂದು ದಿನ ಮೇಡಂ ಪುಸ್ತಕ ತೆರೆಯಲೇ ಇಲ್ಲ. ಬೋರ್ಡಿನ ಮೇಲೆ ಪಿ, ಆರ್, ಓ, ಟಿ, ಇ, ಎ, ಎನ್ ಎಂದು ದಪ್ಪಕ್ಕೆ ಬರೆದು, "ಓದಿ" ಅಂದರು. ಮುಂದಿನ ಬೆಂಚಿನ ಹುಡುಗಿ ಎದ್ದು, "ಪ್ರೋಟೀನ್‌ನ ಸ್ಪೆಲಿಂಗ್ ತಪ್ಪಾಗಿದೆ ಮೇಡಂ" ಅಂದಳು. ನಮಗೆಲ್ಲ ಹಾಗೇ ಅನ್ನಿಸಿತ್ತು.

ಮೇಡಂ ಬೈಯಲಿಲ್ಲ. ಪ್ರೋಟೀನ್ ಅನ್ನುವ ಹೆಸರು 1838ರಲ್ಲಿ ಬಂದದ್ದು, ಮೊದಲ ಸ್ಥಾನದ್ದು ಅನ್ನುವ ಅರ್ಥದ ಗ್ರೀಕ್ ಪದದಿಂದ. ಇದು ಪ್ರೋಟಿಯನ್. ಪ್ರೋಟಿಯಸ್ ಅನ್ನುವ ಕಡಲ ಮುದುಕನ ಹೆಸರಿನಿಂದ ಬಂದದ್ದು. ಇಷ್ಟು ಹೇಳಿ, ಗ್ರೀಕ್ ಕವಿ ಹೋಮರನ 'ಒಡಿಸ್ಸಿ' ಕಾವ್ಯದ ನಾಲ್ಕನೇ ಭಾಗದ ಕಥೆ ಶುರು ಮಾಡಿದರು.

ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಗ್ರೀಕ್ ರಾಜ ಮೆನೆಲಾಸ್ ಈಜಿಪ್ಟಿನ ಹತ್ತಿರದ ಫಾರೋಸ್ ದ್ವೀಪದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. 20 ದಿನವಾದರೂ ಗಾಳಿಯಿಲ್ಲ. ತಂದಿದ್ದ ದವಸ ಮುಗಿಯುತ್ತಾ ಬಂದಿದೆ. ದಾರಿ ಗೊತ್ತಿರುವವನು ಪ್ರೋಟಿಯಸ್ ಒಬ್ಬನೇ. ಆದರೆ ಕೇಳಿದರೆ ಹೇಳುವವನಲ್ಲ, ಹಿಡಿಯಬೇಕು. ಉಪಾಯ ಹೇಳಿಕೊಟ್ಟವಳು ಅವನ ಮಗಳೇ, ಐಡೊಥಿಯಾ. ಮೆನೆಲಾಸ್ ಮತ್ತು ಮೂವರು ಗೆಳೆಯರು ಆಗತಾನೇ ಸುಲಿದ ಸೀಲ್ ಚರ್ಮ ಹೊದ್ದು ಮರಳಲ್ಲಿ ಮಲಗುತ್ತಾರೆ. ನಾತ ತಡೆಯಲಾಗದು. ಅವಳು ನಾಲ್ವರ ಮೂಗಿನ ಕೆಳಗೂ ಘಮಘಮಿಸುವ ಅಮೃತ ಹಚ್ಚುತ್ತಾಳೆ.

ನಡುಮಧ್ಯಾಹ್ನ ಮುದುಕ ಕಡಲಿಂದ ಬರುತ್ತಾನೆ. ತನ್ನ ಸೀಲ್‌ಗಳನ್ನು ಎಣಿಸುತ್ತಾನೆ, ಈ ನಾಲ್ವರನ್ನೂ ಸೇರಿಸಿಕೊಂಡೇ. ಮಲಗುತ್ತಾನೆ. ಅವರು ಹಾರಿ ಹಿಡಿಯುತ್ತಾರೆ. ಮುದುಕ ಸಿಂಹವಾದ. ಹಾವಾದ. ಚಿರತೆಯಾದ, ಕಾಡುಹಂದಿಯಾದ, ನೀರಾದ, ಮರವಾದ. ಒಂದೊಂದಕ್ಕೂ ಮೇಡಂ ಕೈ ಬೇರೆ ಥರ ಆಡುತ್ತಿತ್ತು. "ನೀರನ್ನು ಹಿಡಿಯೋದು ಹೇಗೆ ಹೇಳಿ? ಆದರೂ ಬಿಡಲಿಲ್ಲ" ಅಂದರು. ಕೊನೆಗೆ ಮುದುಕ ಸೋತು ತನ್ನ ಸ್ವಂತ ರೂಪಕ್ಕೆ ಬಂದ, ಕೇಳಿದ್ದಕ್ಕೆಲ್ಲ ನಿಜ ಹೇಳಿದ.

ಕ್ಲಾಸಿನಲ್ಲಿ ಒಬ್ಬರಿಗೂ ನಿದ್ದೆ ಬರಲಿಲ್ಲ.

ಆಮೇಲೆ, ಹೀಗೆ ಸಲೀಸಾಗಿ ರೂಪ ಬದಲಿಸುವವರಿಗೆ ಹೇಳುವ ಈ ಪ್ರೋಟಿಯನ್ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ಕೇಳಿದರು. ಚಂಚಲ ಅಂದೆವು. ಅದು ಮನಸ್ಸು ನಿಲ್ಲದವನಿಗೆ, ಅಂದರು. ಗೋಸುಂಬೆ ಅಂದೆವು. ಅದು ಬೈಗುಳವಾಯಿತು, ಇದು ಜಾಸ್ತಿ ಹೊಗಳಿಕೆಗೇ ಬರೋದು, ಅಂದರು. ಒಮ್ಮೆ ಹಿರಣ್ಯಕಶಿಪು, ಒಮ್ಮೆ ಕನಕದಾಸ, ಇನ್ನೊಮ್ಮೆ ಗೂಢಚಾರನಾದ ರಾಜ್‌ಕುಮಾರ್ ಅವರನ್ನು ನೆನೆಸಿಕೊಳ್ಳಿ ಎಂದರು. ಹಿಂದಿನ ಬೆಂಚಿನಿಂದ ಯಾರೋ "ಕಾಮರೂಪಿ" ಅಂದರು. ಬೇಕಾದ ರೂಪ ತಾಳುವವನು. ಮಾಯಾಜಿಂಕೆಯಾದ ಮಾರೀಚ. ಮೇಡಂ ಆ ಪದವನ್ನು ಪ್ರೋಟಿಯನ್ ಪಕ್ಕದಲ್ಲೇ ಬರೆದರು. ನನಗೆ ಇವತ್ತಿಗೂ ಅದಕ್ಕಿಂತ ಒಪ್ಪುವ ಪದ ಸಿಕ್ಕಿಲ್ಲ.

ಮುಂದಿನ ವಾರ ಬಯಾಲಜಿ ಲ್ಯಾಬಿನಲ್ಲಿ ಸ್ಲೈಡಿನ ಮೇಲಿನ ಚೀಟಿಯಲ್ಲಿ 'ಅಮೀಬಾ ಪ್ರೋಟಿಯಸ್' ಎಂದಿತ್ತು. ಎಷ್ಟು ಸಲ ನೋಡಿದ್ದೆವೋ, ಓದಿರಲಿಲ್ಲ ಅಲ್ವಾ! ಓಡಿಹೋಗಿ ಮೇಡಂಗೆ ಹೇಳಿದೆ. ಅವರು ಲ್ಯಾಬಿಗೇ ಬಂದು, ಕನ್ನಡಕ ತೆಗೆದು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಂಬಾ ಹೊತ್ತು ನೋಡಿದರು. ಅಮೀಬಾ ಅನ್ನುವ ಪದದ ಮೂಲವೂ 'ಬದಲಾವಣೆ' ಅನ್ನುವ ಗ್ರೀಕ್ ಪದವೇ ಎಂದು ತಿಳಿಸಿದ್ದು ಅವತ್ತೇ.

ಈಗ ನಾನು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಲ್ಯಾಬ್ ಟೆಕ್ನಿಷಿಯನ್. ಮೂತ್ರದ ಸೋಂಕಿನ ಸ್ಯಾಂಪಲ್‌ಗಳಲ್ಲಿ ಪ್ರೋಟಿಯಸ್ ಅನ್ನುವ ಬ್ಯಾಕ್ಟೀರಿಯಾ ಸಿಗುತ್ತದೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಗುಸ್ತಾವ್ ಹೌಸರ್ ಇಟ್ಟ ಹೆಸರು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಬೇರೆಯವು ಇಟ್ಟ ಜಾಗದಲ್ಲೇ ಚುಕ್ಕೆಯಾಗಿ ಬೆಳೆಯುತ್ತವೆ. ಇದು ಹಾಗಲ್ಲ. ಚಿಕ್ಕ ಕಡ್ಡಿಯಂತಿದ್ದದ್ದು ಉದ್ದಕ್ಕೆ ಬೆಳೆದು, ಗುಂಪುಗುಂಪಾಗಿ ಹೊರಟು, ಬೆಳಗಾಗುವಷ್ಟರಲ್ಲಿ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ ಇಡೀ ಪ್ಲೇಟ್ ತುಂಬಿರುತ್ತದೆ. ಪ್ಲೇಟ್‌ಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ತೆರೆದ ಕೂಡಲೇ ವಾಸನೆ ಹೇಳಿಬಿಡುತ್ತದೆ. ಆಗೆಲ್ಲ ಸೀಲ್ ಚರ್ಮ ಹೊದ್ದು ಮರಳಲ್ಲಿ ಮಲಗಿದ ಆ ನಾಲ್ವರು, ಅವರ ಕಥೆ ಹೇಳುತ್ತಾ ಮೂಗಿನ ಕೆಳಗೆ ಬೆರಳು ಸವರಿ ತೋರಿಸಿದ ಮೇಡಂ ಕಣ್ಮುಂದೆ ಬರುತ್ತಾರೆ.