ಮಾಯೆ ಹುಡುಗಿಯ ಕೈಮೀರಲಿ, ಬರೆಯುವವರ ಕೈಮೀರದಿರಲಿ

ಹದಿಹರೆಯದ ಹುಡುಗನಿಗೋ ಹುಡುಗಿಗೋ ಮಾಯಾಶಕ್ತಿ ಬರುತ್ತದೆ, ಅದು ಹತೋಟಿಗೆ ಸಿಗುವುದಿಲ್ಲ. ಮಕ್ಕಳ ಫ್ಯಾಂಟಸಿಯಲ್ಲಿ ಇದು ಎಷ್ಟು ಸಲ ಬಂದರೂ ಸವೆಯದ ವಸ್ತು. ಆದರೆ ಇಂಥ ಕಥೆಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಶಕ್ತಿ ಬರೆಯುವವರ ಹತೋಟಿಯಲ್ಲೂ ಇರುವುದಿಲ್ಲ. ಒಂದು ಅಧ್ಯಾಯದಲ್ಲಿ ಕಿಟಕಿ ಗಾಜು ಒಡೆಯುತ್ತದೆ, ಮುಂದಿನದರಲ್ಲಿ ಹುಡುಗ ಹಾರುತ್ತಾನೆ, ಆಮೇಲೆ ಬೆಂಕಿ ಉಗುಳುತ್ತಾನೆ. ಏನು ಬೇಕಾದರೂ ಆಗಬಹುದು ಅಂತಾದ ಮೇಲೆ ಓದುವ ಮಗುವಿಗೆ ಯಾವುದರ ಭಯವೂ ಉಳಿಯುವುದಿಲ್ಲ.

ಹಾಗಾಗಿ ಮೊದಲ ಸಾಲು ಬರೆಯುವ ಮುಂಚೆಯೇ ಕೆಲವನ್ನು ತೀರ್ಮಾನಿಸಿಕೊಳ್ಳಬೇಕು. ಶಕ್ತಿ ಯಾವಾಗ ಸಿಡಿಯುತ್ತದೆ, ಯಾವ ವಸ್ತುವಿನ ಮೇಲೆ, ಎಷ್ಟು ದೂರದವರೆಗೆ, ಅದಕ್ಕೆ ತೆರಬೇಕಾದ ಬೆಲೆ ಏನು. 'ಸಿಟ್ಟು ಬಂದಾಗ' ಅನ್ನುವ ಉತ್ತರ ಸಾಲದು. ಸಿಟ್ಟು ಎಲ್ಲರಿಗೂ ಬರುತ್ತದೆ, ದಿನಕ್ಕೆ ಹತ್ತು ಸಲ ಬರುತ್ತದೆ. ಒಂದು ಉದಾಹರಣೆ ಕಟ್ಟೋಣ. ಗೌರಿಗೆ 14 ವರ್ಷ. ಹೇಳಬೇಕೆಂದ ಮಾತನ್ನು ಅವಳು ನುಂಗಿಕೊಂಡಾಗಲೆಲ್ಲ ಸುತ್ತ ಹತ್ತು ಅಡಿಯೊಳಗಿನ ನೀರು ಮೇಲೇಳುತ್ತದೆ. ನೀರು ಮಾತ್ರ. ಹತ್ತು ಅಡಿ ಮಾತ್ರ.

ಇನ್ನು ಬೆಲೆ. ತಲೆ ತಿರುಗುವುದು, ಮೂಗಿನಿಂದ ರಕ್ತ ಬರುವುದು ಎಲ್ಲರೂ ಬರೆಯುತ್ತಾರೆ, ಆದರೆ ಅದರಿಂದ ಕಥೆ ಮುಂದಕ್ಕೆ ಹೋಗುವುದಿಲ್ಲ. ತೆತ್ತ ಬೆಲೆಯೇ ಮುಂದಿನ ಸಿಡಿತಕ್ಕೆ ಕಾರಣವಾಗಬೇಕು. ನೀರು ಎದ್ದ ಮೇಲೆ ಗೌರಿಯ ದನಿ ಒಂದು ದಿನ ಹೊರಡುವುದಿಲ್ಲ ಅಂತಿಟ್ಟುಕೊಳ್ಳಿ. ದನಿಯಿಲ್ಲದವಳು ಇನ್ನಷ್ಟು ಮಾತು ನುಂಗಲೇಬೇಕು, ನೀರು ಮತ್ತೆ ಏಳಲೇಬೇಕು. ಈ ಸುಳಿ ಒಮ್ಮೆ ಕೂತುಬಿಟ್ಟರೆ ಖಳನಾಯಕನೂ ಬೇಡ, ಹುಟ್ಟಿದಾಗ ಯಾರೋ ನುಡಿದ ಭವಿಷ್ಯವೂ ಬೇಡ.

ಈ ತರ್ಕ ನಮಗೆ ಹೊಸದಲ್ಲ. ದೂರ್ವಾಸರು ಕೊಟ್ಟ ಮಂತ್ರ ನಿಜವೋ ಅಲ್ಲವೋ ನೋಡೋಣವೆಂದು ಹುಡುಗಿ ಕುಂತಿ ಜಪಿಸುತ್ತಾಳೆ, ಸೂರ್ಯ ಎದುರಿಗೇ ಬಂದು ನಿಲ್ಲುತ್ತಾನೆ. ಬಂದ ಹಾಗೇ ಹೋಗು ಅಂದರೆ ಹೋಗುವುದಿಲ್ಲ. ಕರೆಯುವ ಮಂತ್ರ ಉಂಟು, ಕಳಿಸುವ ಮಂತ್ರ ಇಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅರ್ಜುನ ತನ್ನ ಅಸ್ತ್ರವನ್ನು ಹಿಂತೆಗೆದುಕೊಳ್ಳುತ್ತಾನೆ, ಅಶ್ವತ್ಥಾಮನಿಗೆ ಅದು ಆಗುವುದಿಲ್ಲ. ಅವನ ಅಸ್ತ್ರ ಪಾಂಡವ ಸ್ತ್ರೀಯರ ಗರ್ಭದತ್ತ ತಿರುಗುತ್ತದೆ. 1968ರಲ್ಲಿ ಬಂದ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಕಾದಂಬರಿ 'ಎ ವಿಝರ್ಡ್ ಆಫ್ ಅರ್ಥ್‌ಸೀ'ಯಲ್ಲೂ ಇದೇ. ಏಳು ವರ್ಷದ ಹುಡುಗ ಕೇಳಿಸಿಕೊಂಡ ಮಂತ್ರದ ಪದ್ಯವೊಂದನ್ನು ಮೇಕೆಗಳ ಮುಂದೆ ಕೂಗುತ್ತಾನೆ. ಅವು ಬಂದು ಸುತ್ತುಗಟ್ಟುತ್ತವೆ, ಅವನು ಹೆದರಿ ಓಡಿದರೂ ಬಿಡುವುದಿಲ್ಲ. ಮೂರರಲ್ಲೂ ಶಕ್ತಿ ಕಡಿಮೆಯಾಗಿಲ್ಲ, ಬಿಡಿಸಿಕೊಳ್ಳುವ ವಿದ್ಯೆ ಇಲ್ಲ. ಹತೋಟಿ ತಪ್ಪುವುದನ್ನು ಇಷ್ಟು ಖಚಿತವಾಗಿ ಯೋಚಿಸಿದರೆ ಮಾತ್ರ ಅದು ನಂಬುವ ಹಾಗಿರುತ್ತದೆ.

ನೂರು ಪುಟದ ಪುಸ್ತಕಕ್ಕೆ ನಾಲ್ಕು ಸಿಡಿತ ಸಾಕು. ಮೊದಲನೆಯದು ಹತ್ತನೇ ಪುಟದೊಳಗೆ ಬರಲಿ, ಗಾಳಿಗೆ ಹಾಗಾಯಿತೇನೋ ಅನ್ನುವಷ್ಟು ಚಿಕ್ಕದಾಗಿರಲಿ. ಎರಡನೆಯದನ್ನು ಒಬ್ಬರಾದರೂ ನೋಡಬೇಕು. ಮೂರನೆಯದರಲ್ಲಿ ಅವಳಿಗೆ ಬೇಕಾದವರಿಗೇ ಪೆಟ್ಟಾಗಬೇಕು. ಪ್ರತಿ ಸಲವೂ ಬೇರೆ ಬೇರೆ ಸಂಬಂಧ ಕೆಡಲಿ, ಒಂದೇ ಗೆಳತಿ ಮೂರು ಸಲ ಮುನಿಸಿಕೊಂಡರೆ ಬೇಸರ ಬರುತ್ತದೆ.

ಬರೆಯುವಾಗ ದೇಹ, ವಸ್ತು, ನೋಡುವವರು ಈ ಕ್ರಮದಲ್ಲಿ ಹೋಗಿ. 'ಗೌರಿಯ ಮಾಂತ್ರಿಕ ಶಕ್ತಿ ಭಯಂಕರವಾಗಿ ಸ್ಫೋಟಿಸಿತು' ಅಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಯಾರೋ 'ಇವಳಿಗೆ ಹತ್ತನೇ ಕ್ಲಾಸ್ ಆದರೆ ಸಾಕು ಬಿಡಿ' ಅನ್ನುತ್ತಾರೆ. ಆಗ: 'ಗೌರಿಯ ಗಂಟಲು ಬಿಗಿಯಿತು. ಎಲೆಯ ಪಕ್ಕದ ಲೋಟದಿಂದ ನೀರು ಒಂದು ಗೇಣು ಎದ್ದು ನಿಂತಿತು, ಚೆಲ್ಲಲಿಲ್ಲ. ಸಾರು ಬಡಿಸುತ್ತಿದ್ದ ಮಾವ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.' ವಿವರಣೆ ಇಲ್ಲಿ ಬೇಡವೇ ಬೇಡ. ಗುರುವೊಬ್ಬ ಬಂದು ಐದು ಪುಟ ಪಾಠ ಹೇಳುವುದನ್ನಂತೂ ದಯವಿಟ್ಟು ಬಿಡಿ, ಮಕ್ಕಳು ಆ ಪುಟಗಳನ್ನು ಹಾರಿಸುತ್ತಾರೆ.

ನಾಲ್ಕನೆಯ, ಕೊನೆಯ ಸಿಡಿತಕ್ಕೆ ಬಂದಾಗ ಹತ್ತು ಅಡಿಯನ್ನು ನೂರು ಅಡಿ ಮಾಡುವ ಆಸೆ ಹುಟ್ಟುತ್ತದೆ. ಮಾಡಬೇಡಿ. ಅಷ್ಟು ಹೊತ್ತಿಗೆ ಮಗು ಅಳತೆಯನ್ನು ನೆನಪಿಟ್ಟುಕೊಂಡಿರುತ್ತದೆ, ಮೋಸ ಹೋದ ಹಾಗನ್ನಿಸುತ್ತದೆ. ಕಟ್ಟಳೆ ಹಾಗೇ ಇರಲಿ, ಜಾಗ ಬದಲಿಸಿ. ಮಳೆಗಾಲದಲ್ಲಿ ತುಂಬಿದ ಕೆರೆಯ ಏರಿಯ ಮೇಲೆ, ಬಿರುಕು ಬಿಟ್ಟ ಕಡೆಯೇ ಗೌರಿಯನ್ನು ನಿಲ್ಲಿಸಿ. ಅಲ್ಲಿ ಹತ್ತು ಅಡಿಯೊಳಗಿನ ನೀರು ಎದ್ದರೂ ಊರಿಗೆ ಅಪಾಯ. ಬಿಡುಗಡೆಯೂ ಅದೇ ಕಟ್ಟಳೆಯೊಳಗಿಂದ ಬರಬೇಕು: ತಾಯತವಲ್ಲ, ಅಜ್ಜನ ಓಲೆಗರಿಯಲ್ಲ, ಅವಳೇ ನುಂಗಿಕೊಂಡಿದ್ದ ಮಾತು. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರು ಏರಿಯ ಮೇಲೆ ಇರುವ ಹಾಗೆ ಮೂರನೇ ಸಿಡಿತದಿಂದಲೇ ದಾರಿ ಮಾಡಿಡಿ. ಶಕ್ತಿಯನ್ನು ಮಾತ್ರ ಪೂರ್ತಿ ಅಳಿಸಬೇಡಿ. ಅಷ್ಟು ದೂರ ಜೊತೆಗೆ ಬಂದ ಓದುಗರಿಗೆ ಗೌರಿ ಅದರೊಡನೆ ಬಾಳುವುದನ್ನು ನೋಡುವ ಆಸೆ ಇರುತ್ತದೆ.