ಶನಿವಾರದ ಸಿ-90

ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಭೌತಶಾಸ್ತ್ರದ ಮೇಷ್ಟ್ರು ನಡೆಸುತ್ತಿದ್ದ ಸಂಗೀತ ಕೇಳುವ ಕೂಟವನ್ನು ಈಗಿನವರು ನೋಡಿಲ್ಲ. ಅಲ್ಲಿ ಏನೇನು ಕೇಳಿಸಿದರು ಅನ್ನುವುದಕ್ಕಿಂತ, ಹೇಗೆ ಕೇಳಬೇಕೆಂದು ಹೇಳಿಕೊಟ್ಟರು ಅನ್ನುವುದನ್ನು ಬರೆದಿಟ್ಟರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಇಲ್ಲಿ ಒಂದೇ ಕೃತಿ ಸಾಕು: ಆಸ್ಟ್ರಿಯಾದ ಸಂಗೀತ ರಚನೆಕಾರ ಗುಸ್ತಾವ್ ಮಾಹ್ಲರನ ಹತ್ತನೆಯ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾಕ್ಕೆಂದು ಬರೆದ ಹಲವು ಭಾಗಗಳ ದೊಡ್ಡ ಕೃತಿ.

ಮಾಹ್ಲರ್ ಇದನ್ನು ಬರೆದದ್ದು 1910ರ ಬೇಸಿಗೆಯಲ್ಲಿ, ಟೊಬ್ಲಾಖ್ ಊರಿನ ಹತ್ತಿರ ಮರದ ಪುಟ್ಟ ಮನೆಯೊಂದರಲ್ಲಿ ಕೂತು. ಊರು ಆಗ ಆಸ್ಟ್ರಿಯಾದ್ದು, ಈಗ ಇಟಲಿಯದು. ಹೆಂಡತಿ ಆಲ್ಮಾಗೂ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್‌ಗೂ ಇದ್ದ ಸಂಬಂಧ ಅವನಿಗೆ ಗೊತ್ತಾದದ್ದೂ ಅದೇ ಬೇಸಿಗೆಯಲ್ಲಿ. ಸೆಪ್ಟೆಂಬರಿನಲ್ಲಿ ಎಂಟನೆಯ ಸಿಂಫನಿಯ ಮೊದಲ ಪ್ರದರ್ಶನಕ್ಕೆಂದು ಮ್ಯೂನಿಕ್‌ಗೆ ಹೋದ, ಆಮೇಲೆ ನ್ಯೂಯಾರ್ಕಿನ ಕೆಲಸ, 1911ರ ಮೇ 18ಕ್ಕೆ ವಿಯೆನ್ನಾದಲ್ಲಿ ತೀರಿಕೊಂಡ. ಐವತ್ತು ವರ್ಷ. ಹತ್ತನೆಯದು ಅಪೂರ್ಣವಾಗಿಯೇ ಉಳಿಯಿತು.

ಅಪೂರ್ಣ ಅಂದ ಕೂಡಲೇ ನಡುವೆ ಕಡಿದುಹೋದದ್ದು ಅಂದುಕೊಳ್ಳುತ್ತೇವೆ. ಶೂಬರ್ಟನ 'ಅಪೂರ್ಣ' ಸಿಂಫನಿ ಹಾಗೇ ಇದೆ: ಎರಡು ಭಾಗ ಪೂರ್ತಿ, ಮೂರನೆಯದರಲ್ಲಿ ನಿಂತಿದೆ. ಬ್ರೂಕ್ನರನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗ ಚೂರುಚೂರು. ಮಾಹ್ಲರನ ಹತ್ತನೆಯದು ಬೇರೆ ಥರ. ಮೇಷ್ಟ್ರು ಮಗ್ಗದ ಮಾತಿನಲ್ಲಿ ಹೇಳುತ್ತಿದ್ದರು: "ಹಾಸು ಈ ತುದಿಯಿಂದ ಆ ತುದಿವರೆಗೆ ಇದೆ ಕಣ್ರೋ, ಹೊಕ್ಕು ಅಲ್ಲಲ್ಲಿ ತುಂಬಿಲ್ಲ, ಅಷ್ಟೇ." ಐದೂ ಭಾಗಗಳಲ್ಲಿ ಮುಖ್ಯ ರಾಗದ ಎಳೆ ಎಲ್ಲೂ ತುಂಡಾಗಿಲ್ಲ. ಮೊದಲೆರಡು ಭಾಗಗಳನ್ನೂ ಮೂರನೆಯದರ ಶುರುವನ್ನೂ ಯಾವ ವಾದ್ಯ ಏನು ನುಡಿಸಬೇಕೆಂಬ ಮಟ್ಟಿಗೆ ಕರಡಾಗಿ ಬರೆದಿದ್ದಾನೆ. ಅಲ್ಲಿಂದ ಮುಂದೆ ನಾಲ್ಕೈದು ಸಾಲಿನ ಸಂಕ್ಷಿಪ್ತ ಕರಡು ಮಾತ್ರ. ಕೆಲವು ಕಡೆ ರಾಗ ಇದೆ, ಕೆಳಗಿನ ಆಸರೆ ಸ್ವರಗಳಿಲ್ಲ.

ಆ ಹೊಕ್ಕು ತುಂಬಿದವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಂಗ್ಲೆಂಡಿನ ಡೆರಿಕ್ ಕುಕ್ ಅವರ ಕೆಲಸ. ಅವರು ತಮ್ಮದನ್ನು "ಪೂರ್ಣಗೊಳಿಸಿದ್ದು" ಅನ್ನಲಿಲ್ಲ, ಕರಡನ್ನು ನುಡಿಸುವಂತೆ ಮಾಡಿಕೊಟ್ಟಿದ್ದೇನೆ ಅಂದರು. 1964ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ಬೆರ್ಟೋಲ್ಡ್ ಗೋಲ್ಡ್‌ಶ್ಮಿಟ್ ನಿರ್ದೇಶನದಲ್ಲಿ ಅದು ಮೊದಲು ಪೂರ್ತಿಯಾಗಿ ನುಡಿಯಿತು. 1976ರಲ್ಲಿ ಅಚ್ಚಾದ ಸ್ಕೋರಿನ (ಎಲ್ಲ ವಾದ್ಯಗಳ ಸ್ವರಲಿಪಿ) ಪುಟಗಳ ಕೆಳಗೆ ಮಾಹ್ಲರನ ಕರಡನ್ನೂ ಹಾಕಿಸಿದ್ದಾರೆ. ತಾವು ಸೇರಿಸಿದ್ದೆಷ್ಟು ಅಂತ ಯಾರು ಬೇಕಾದರೂ ಲೆಕ್ಕ ಹಿಡಿಯಬಹುದು. ಇಂಥ ಪ್ರಾಮಾಣಿಕತೆ ಅಪರೂಪ.

ಇನ್ನು ಕೇಳುವ ವಿಚಾರ. ಕೂಟದಲ್ಲಿದ್ದದ್ದು ಟೇಪ್ ರೆಕಾರ್ಡರ್, ಒಂದು ಸಿ-90 ಕ್ಯಾಸೆಟ್, ಅಂದರೆ ಬದಿಗೆ 45 ನಿಮಿಷ. ಲೆಕ್ಕ ಚೊಕ್ಕವಾಗಿ ಕೂರುತ್ತಿತ್ತು: ಮೊದಲ ಭಾಗವಾದ ನಿಧಾನಗತಿಯ ಅಡಾಜಿಯೊ 24 ನಿಮಿಷ, ಎರಡನೆಯದಾದ ಚುರುಕಿನ ಸ್ಕೆರ್ಟ್ಸೊ 11, ಮೂರನೆಯದಾದ ಪುರ್ಗಟೋರಿಯೊ 4, ಒಟ್ಟು 39 ಮೊದಲ ಬದಿಗೆ. ಎರಡನೆಯ ಸ್ಕೆರ್ಟ್ಸೊ 12, ಕೊನೆಯ ಭಾಗವಾದ ಫಿನಾಲೆ 24, ಅಂದರೆ 36 ಎರಡನೆಯ ಬದಿಗೆ. ಕ್ಯಾಸೆಟ್ ತಿರುವಿ ಹಾಕಬೇಕಾದದ್ದು ಮೂರನೆಯದರ ನಂತರವೇ. ನಾಲ್ಕು ಮತ್ತು ಐದರ ನಡುವೆ ತಿರುವಿದರೆ ಕೆಟ್ಟಿತು, ಕಾರಣ ಮುಂದೆ ಬರುತ್ತದೆ. ಇವತ್ತು ಫೋನಿನಲ್ಲಿ ಕೇಳುವವರು ಹಾಡುಗಳ ಕ್ರಮ ಕಲಸುವ ಶಫಲ್ ನಿಲ್ಲಿಸಿ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಬೆರೆಸುವ ಸೌಲಭ್ಯವಿದ್ದರೆ ಅದನ್ನೂ ನಿಲ್ಲಿಸಬೇಕು.

ವಾಲ್ಯೂಮಿನಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಕೃತಿ ಶುರುವಾಗುವುದು ಪಿಟೀಲಿಗಿಂತ ಕೊಂಚ ದೊಡ್ಡದಾದ, ತಗ್ಗು ದನಿಯ ವಯೋಲಾಗಳಿಂದ. ಹದಿನೈದು ಬಾರ್ (ಎಣಿಕೆಯ ಒಂದೊಂದು ಸುತ್ತು), ಬೇರೆ ಯಾವ ವಾದ್ಯವೂ ಇಲ್ಲ, ಪಿಸುಮಾತಿನಷ್ಟು ಮೆಲ್ಲಗೆ. ಕೇಳಿಸುತ್ತಿಲ್ಲವೆಂದು ಗುಂಡಿ ತಿರುಗಿಸುತ್ತಾರೆ, ಹದಿನೇಳು ಹದಿನೆಂಟನೆಯ ನಿಮಿಷಕ್ಕೆ ಸ್ಪೀಕರ್ ಒಡೆದ ಹಾಗೆ ಆಗುತ್ತದೆ. ಮೊದಲು ಆ ಜಾಗಕ್ಕೆ ಹೋಗಿ, ಅಲ್ಲಿ ಕಿವಿ ತಡೆಯುವಷ್ಟಕ್ಕೆ ವಾಲ್ಯೂಮ್ ಇಟ್ಟು, ಹಿಂದಕ್ಕೆ ಬಂದು ಶುರುಮಾಡಬೇಕು. ಆಗ ವಯೋಲಾ ಕೇಳಲು ಫ್ಯಾನ್ ಆರಿಸಬೇಕಾಗುತ್ತದೆ. ನಮ್ಮಲ್ಲಿ ಆರಿಸುತ್ತಿದ್ದರು, ಏಪ್ರಿಲ್‌ನಲ್ಲೂ.

ಆ ಜಾಗದಲ್ಲಿ ಆಗುವುದೇನು? ಅಷ್ಟು ಹೊತ್ತು ಉಸಿರಾಡಿದ ಹಾಗೆ ಸಾಗಿದ ಸಂಗೀತದಲ್ಲಿ ಏಕಾಏಕಿ ಇಡೀ ಆರ್ಕೆಸ್ಟ್ರಾ ಸಿಡಿಯುತ್ತದೆ. ಸ್ವಲ್ಪ ಅಡಗಿ, ಮತ್ತೆ ಒಂಬತ್ತು ಬೇರೆಬೇರೆ ಸ್ವರ ಒಟ್ಟಿಗೆ ನಿಲ್ಲುತ್ತವೆ. ಸಪ್ತಕದಲ್ಲಿರುವುದೇ ಹನ್ನೆರಡು. ಅದರ ನಡುವೆ ಒಂದು ಟ್ರಂಪೆಟ್ ಒಂದೇ ಸ್ವರ ಹಿಡಿದು ಬಿಡುವುದೇ ಇಲ್ಲ. ಮೇಷ್ಟ್ರು ಇದನ್ನು ಪ್ರಾರ್ಥನೆಯ ಹಾರ್ಮೋನಿಯಮ್ಮಿನ ಮೇಲೆ ತೋರಿಸುತ್ತಿದ್ದರು. ಒಂದೇ ಸಪ್ತಕದೊಳಗೆ ಒಂಬತ್ತು ಮನೆ ಒತ್ತಿದರೆ ಬರೀ ಗೌಜು. ಮಾಹ್ಲರ್ ಪೇರಿಸಿದ್ದು ಹಾಗಲ್ಲ: ಕೆಳಗಿನಿಂದ ಮೇಲಕ್ಕೆ, ಮೂರು ನಾಲ್ಕು ಮನೆ ಅಂತರ ಬಿಡುತ್ತಾ, ಎರಡೂವರೆ ಸಪ್ತಕದಷ್ಟು ಎತ್ತರಕ್ಕೆ. ಅದಕ್ಕೆ ಇಬ್ಬರ ಕೈ ಬೇಕು, ತಿದಿ ಒತ್ತಲು ಮೂರನೆಯವನು. ಹಾಗೆ ಒತ್ತಿದಾಗ ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳುತ್ತದೆ, ಭಯವಾಗುವುದು ಅದಕ್ಕೇ.

ಎರಡನೆಯ ಭಾಗಕ್ಕೆ ತಾಳ ಹಾಕಲು ಹೋಗಬೇಡಿ. ಹೆಚ್ಚುಕಡಿಮೆ ಪ್ರತಿ ಬಾರ್‌ಗೂ ಎಣಿಕೆ ಬದಲಾಗುತ್ತದೆ: ಎರಡು, ಮೂರು, ಐದು. ಆವರ್ತನ ಹುಡುಕುವ ನಮ್ಮ ಕೈ ಸೋಲುತ್ತದೆ. ಕಾಲು ಕುಣಿಸಿದರೆ ಸಾಕು. ನಾಲ್ಕೇ ನಿಮಿಷದ ಪುರ್ಗಟೋರಿಯೊ ಚಕ್ರ ತಿರುಗಿದ ಹಾಗೆ ಓಡಿ, ತಳದಲ್ಲಿ ಜಾಗಟೆಯ ಒಂದು ಮೆತ್ತನೆಯ ಪೆಟ್ಟಿಗೆ ಮುಳುಗುತ್ತದೆ. ಗಮನ ಕೊಟ್ಟು ಕೇಳಬೇಕಾದದ್ದು ಇದೇ, ಇಲ್ಲಿಯ ತುಣುಕುಗಳೇ ಫಿನಾಲೆಯಲ್ಲಿ ಮತ್ತೆ ಬರುತ್ತವೆ.

ನಾಲ್ಕನೆಯದರ ಮೊದಲ ಹಾಳೆಯ ಮೇಲೆ, ದೆವ್ವ ನನ್ನ ಜೊತೆ ಕುಣಿಯುತ್ತಿದೆ ಎಂದು ಮಾಹ್ಲರ್ ಗೀಚಿದ್ದಾನೆ. ಕುಣಿತ ಸೊರಗುತ್ತಾ ಕೊನೆಗೆ ಲಯವಾದ್ಯಗಳಷ್ಟೇ ಉಳಿದು, ಬಟ್ಟೆ ಹೊದಿಸಿದ ಡ್ರಮ್ಮಿನ ಒಂದು ಪೆಟ್ಟು. ಪಕ್ಕದಲ್ಲಿ ಬರೆದದ್ದು, ಇದರ ಅರ್ಥ ನಿನಗೊಬ್ಬಳಿಗೇ ಗೊತ್ತು ಅಂತ. ನ್ಯೂಯಾರ್ಕಿನಲ್ಲಿ ಹೋಟೆಲ್ ಕಿಟಕಿಯಿಂದ ಗಂಡಹೆಂಡಿರಿಬ್ಬರೂ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರ ಶವಯಾತ್ರೆ ನೋಡಿದ್ದರು. ಮೆರವಣಿಗೆ ನಿಂತಿತು, ಒಂದು ಗಳಿಗೆ ಮೌನ, ಆಮೇಲೆ ಮುಸುಕು ಹಾಕಿದ ಡ್ರಮ್ಮಿನ ಪೆಟ್ಟು ಅಷ್ಟೆತ್ತರಕ್ಕೆ ಕೇಳಿತು. ದೂರದಿಂದ, ಬಟ್ಟೆಯ ಒಳಗಿಂದ ಬಂದ ಸದ್ದು ಅದು. ಎಷ್ಟೋ ಆರ್ಕೆಸ್ಟ್ರಾಗಳು ಇಲ್ಲೇ ಎಡವುತ್ತವೆ: ಬಟ್ಟೆ ತೆಗೆದು, ಬಲವಾಗಿ ಬಾರಿಸಿ, ಫಿರಂಗಿ ಹಾರಿಸಿದ ಹಾಗೆ ಮಾಡುತ್ತವೆ. ಕೇಳುವವರು ಬೆಚ್ಚುತ್ತಾರೆ, ಸಾವು ಮಾತ್ರ ಕಾಣುವುದಿಲ್ಲ. ಐದನೆಯದು ಶುರುವಾಗುವುದೂ ಅದೇ ಪೆಟ್ಟಿನಿಂದ. ಆರ್ಕೆಸ್ಟ್ರಾ ನಿರ್ದೇಶಕ ಸೈಮನ್ ರ‍್ಯಾಟಲ್ ಎರಡು ಪೆಟ್ಟನ್ನು ಒಂದೇ ಮಾಡಿ ಭಾಗಗಳನ್ನು ಬೆಸೆಯುತ್ತಾರೆ. ಎರಡಾದರೂ ಸರಿ, ಒಂದಾದರೂ ಸರಿ, ಅಲ್ಲಿ ಕ್ಯಾಸೆಟ್ ತಿರುವಬಾರದು.

ಪೆಟ್ಟುಗಳ ಸಂದಿಯಲ್ಲಿ ಟ್ಯೂಬಾ ಎಂಬ ತಗ್ಗು ದನಿಯ ಊದುವಾದ್ಯ ತಳದಿಂದ ಏರಲು ನೋಡುತ್ತದೆ, ಮತ್ತೆ ಪೆಟ್ಟು ಬೀಳುತ್ತದೆ. ಆಮೇಲೆ ಒಂಟಿ ಫ್ಲೂಟ್. ಕುಕ್ ಸೇರಿಸಿದ್ದು ಇಲ್ಲಿ ತೀರಾ ಕಡಿಮೆ, ಹೊಕ್ಕು ತೆಳ್ಳಗಿದ್ದಷ್ಟೂ ಹಾಸು ಚೆನ್ನಾಗಿ ಕಾಣುತ್ತದೆ.

ಬ್ರೂನೊ ವಾಲ್ಟರ್, ಬರ್ನ್‌ಸ್ಟೈನ್‌ರಂಥ ದೊಡ್ಡ ನಿರ್ದೇಶಕರು ಪರರ ಕೈ ಬಿದ್ದದ್ದು ಬೇಡವೆಂದು ಈ ಪೂರ್ಣ ರೂಪವನ್ನು ಮುಟ್ಟಲಿಲ್ಲ. ಅಡಾಜಿಯೊ ಒಂದಕ್ಕೇ ನಿಲ್ಲುವವರು ಇವತ್ತಿಗೂ ಇದ್ದಾರೆ. ಅವರ ಹಿಂಜರಿಕೆ ಅರ್ಥವಾಗುತ್ತದೆ, ಆದರೂ ಅದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಎದ್ದುಹೋದಂತೆ. ಫಿನಾಲೆಯ ನಡುವೆ ಆ ಒಂಬತ್ತು ಸ್ವರವೂ ಟ್ರಂಪೆಟ್ಟೂ ಮತ್ತೆ ಬರುತ್ತವೆ, ಕೂಡಲೇ ಹಾರ್ನ್‌ಗಳು ಮೊದಲಿನ ವಯೋಲಾ ರಾಗವನ್ನು ಗಟ್ಟಿ ದನಿಯಲ್ಲಿ ಎತ್ತಿಕೊಳ್ಳುತ್ತವೆ. ಪಿಸುಮಾತು ಇಲ್ಲಿ ಬಾಯಿಬಿಟ್ಟು ಹೇಳಿದಂತಾಗುತ್ತದೆ. ಕೊನೆಯನ್ನು ಮಾಹ್ಲರ್ ಎರಡು ಸಲ ಬರೆದಿದ್ದಾನೆ: ಮೊದಲು ಬಿ-ಫ್ಲಾಟ್ ಶ್ರುತಿಯಲ್ಲಿ, ಆಮೇಲೆ ಮೊದಲ ಭಾಗದ ಎಫ್-ಶಾರ್ಪ್‌ಗೆ ತಂದು. ಕುಕ್ ಹಿಡಿದದ್ದು ಎರಡನೆಯದನ್ನು.

ತೀರಾ ಕೊನೆಗೆ ತಂತಿವಾದ್ಯಗಳೆಲ್ಲ ಒಮ್ಮೆ ಎತ್ತರಕ್ಕೆ ಜಿಗಿದು ಇಳಿಯುತ್ತವೆ. ಆ ಜಾಗದಲ್ಲಿ ಹೆಂಡತಿಯ ಮುದ್ದಿನ ಹೆಸರಿದೆ, ಆಲ್ಮ್‌ಷಿ. ಇಷ್ಟಾದ ಮೇಲೂ ಕ್ಯಾಸೆಟ್ಟಿನಲ್ಲಿ ಒಂಬತ್ತು ನಿಮಿಷ ಖಾಲಿ ಟೇಪು ಉಳಿಯುತ್ತಿತ್ತು. ಅದು ಓಡಿ ಮುಗಿದು ಗುಂಡಿ ತಾನೇ ಟಕ್ ಅಂತ ಮೇಲೇಳುವವರೆಗೆ ಮೇಷ್ಟ್ರು ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ.