ಎಲ್‌ವಿಎಂ ಲಾಕ್ ಫೈಲಿಗೆ ಆರ್‌ಎಂ ಹೊಡೆಯುವ ಮುನ್ನ

ಲಿನಕ್ಸಿನಲ್ಲಿ ಡಿಸ್ಕುಗಳನ್ನು ಒಟ್ಟುಗೂಡಿಸಿ ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ ಎಲ್‌ವಿಎಂ. ವಾಲ್ಯೂಮ್‌ಗಳ ಪಟ್ಟಿಗೆಂದು 'ಎಲ್‌ವಿಎಸ್' ಕೊಟ್ಟು ಎಂಟರ್ ಒತ್ತಿದರೆ ಕೆಲವೊಮ್ಮೆ ಏನೂ ಬರುವುದಿಲ್ಲ, ಕರ್ಸರ್ ಮಾತ್ರ ಮಿಟುಕುತ್ತಿರುತ್ತದೆ. '/ರನ್/ಲಾಕ್/ಎಲ್‌ವಿಎಂ' ಒಳಗೆ ಇಣುಕಿದರೆ 'ವಿ_' ಎಂದು ಶುರುವಾಗಿ ವಾಲ್ಯೂಮ್ ಗ್ರೂಪಿನ (ಒಟ್ಟುಗೂಡಿಸಿದ ಡಿಸ್ಕುಗಳ ಗುಂಪಿನ) ಹೆಸರಿರುವ ಲಾಕ್ ಫೈಲೊಂದು ಕೂತಿರುತ್ತದೆ. ಲಿನಕ್ಸ್ ನೋಡಿಕೊಳ್ಳುವವರಲ್ಲಿ ಎಷ್ಟೋ ಮಂದಿ ಇದು ಸತ್ತ ಕಮಾಂಡ್ ಬಿಟ್ಟುಹೋದ ಹಳಸಿದ ಲಾಕ್ ಎಂದುಕೊಂಡು ಅಲ್ಲೇ ಫೈಲ್ ಅಳಿಸುವ 'ಆರ್‌ಎಂ' ಹೊಡೆದುಬಿಡುತ್ತಾರೆ.

ಆ ಫೈಲಿನ ಗಾತ್ರ ನೋಡಿ: 0 ಬೈಟ್. ಒಳಗೆ ಪಿಐಡಿ (ಪ್ರಾಸೆಸ್ ಸಂಖ್ಯೆ) ಕೂಡ ಇಲ್ಲ. ಲಾಕ್ ಇರುವುದು ಫೈಲಿನಲ್ಲಲ್ಲ, ಅದರ ಐನೋಡ್ (ಹೆಸರಿನ ಹಿಂದಿರುವ ಫೈಲಿನ ಅಸಲಿ ದಾಖಲೆ) ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ ಇಟ್ಟುಕೊಂಡ 'ಎಫ್‌ಲಾಕ್'ನಲ್ಲಿ. ಹಿಡಿದಿದ್ದ ಪ್ರಾಸೆಸ್ ಸತ್ತರೆ ಕರ್ನಲ್ಲೇ ಲಾಕ್ ಬಿಡಿಸುತ್ತದೆ. ಖಾಲಿ ಫೈಲ್ ಉಳಿದರೂ ಯಾರನ್ನೂ ತಡೆಯುವುದಿಲ್ಲ. ಅಂದರೆ ನಿಮ್ಮ ಕಮಾಂಡ್ ಲಾಕಿಗಾಗಿ ನಿಂತಿದೆ ಎಂದರೆ ಅದನ್ನು ಹಿಡಿದವರು ಇನ್ನೂ ಬದುಕಿದ್ದಾರೆ. ಈಗ ಫೈಲ್ ಅಳಿಸಿದರೆ ಅವರ ಕೈಯಲ್ಲಿ ಹಳೆಯ ಐನೋಡಿನ ಲಾಕ್, ಮುಂದೆ ಬಂದವರ ಕೈಯಲ್ಲಿ ಅದೇ ಹೆಸರಿನ ಹೊಸ ಫೈಲಿನ ಲಾಕ್. ಇಬ್ಬರೂ ಒಟ್ಟಿಗೆ ಮೆಟಾಡೇಟಾ (ಯಾವ ವಾಲ್ಯೂಮ್ ಎಲ್ಲಿದೆ ಎಂಬ ವಿವರ) ಬರೆದರೆ '/ಇಟಿಸಿ/ಎಲ್‌ವಿಎಂ/ಆರ್ಕೈವ್'ನಲ್ಲಿರುವ ಹಳೆಯ ಪ್ರತಿ ಹಿಡಿದು 'ವಿಜಿಸಿಎಫ್‌ಜಿರಿಸ್ಟೋರ್' ಮಾಡುತ್ತಾ ಕೂರಬೇಕಾದೀತು.

ಇನ್ನೊಂದು ಟರ್ಮಿನಲ್ಲಿನಲ್ಲಿ ರೂಟ್ ಆಗಿ, ಲಾಕ್‌ಗಳ ಪಟ್ಟಿ ಕೊಡುವ 'ಎಲ್‌ಎಸ್‌ಲಾಕ್ಸ್' ಓಡಿಸಿ. ಮೋಡ್ ಕಾಲಮ್ಮಿನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಅದು ಕಾಯುತ್ತಿರುವ ಪ್ರಾಸೆಸ್. ಬರೀ 'ರೈಟ್' ಎಂದಿದ್ದರೆ ಹಿಡಿದುಕೊಂಡದ್ದು. ಆ ಪಿಐಡಿಯ ಸ್ಥಿತಿಯನ್ನು 'ಪಿಎಸ್'ನಲ್ಲಿ ನೋಡಿ.

'ಎಸ್' (ನಿದ್ರೆಯಲ್ಲಿ ಏನನ್ನೋ ಕಾಯುತ್ತಿದೆ) ಇದ್ದರೆ ಮೊದಲು ಸ್ಕ್ರೀನ್, ಟಿಮಕ್ಸ್ ಸೆಷನ್‌ಗಳನ್ನು (ಟರ್ಮಿನಲ್ ಮುಚ್ಚಿದರೂ ಓಡುತ್ತಿರುವಂಥವು) ಹುಡುಕಿ. ಯಾರೋ ವಾಲ್ಯೂಮ್ ಅಳಿಸಲು 'ಎಲ್‌ವಿರಿಮೂವ್' ಕೊಟ್ಟು, ವೈ/ಎನ್ ಪ್ರಶ್ನೆಗೆ ಉತ್ತರಿಸದೆ ಊಟಕ್ಕೆ ಹೋಗಿರಬಹುದು. ಆ ಪ್ರಶ್ನೆ ಕೇಳುವಾಗಲೂ ಲಾಕ್ ಹಿಡಿದೇ ಇರುತ್ತದೆ. 'ಎನ್' ಒತ್ತಿದರೆ ಮುಗಿಯಿತು.

'ಡಿ' ಇದ್ದರೆ ಕಥೆ ಬೇರೆ. ಡಿಸ್ಕಿನಿಂದ ಉತ್ತರ ಬರದೆ ಕರ್ನಲ್ಲಿನೊಳಗೆ ಸಿಕ್ಕಿಕೊಂಡಿದೆ, 'ಕಿಲ್ -9' ನಾಟುವುದಿಲ್ಲ. ಎರಡು ಕಡೆ ನೋಡಿ. ಮಲ್ಟಿಪಾತ್‌ನಲ್ಲಿ (ಒಂದೇ ಡಿಸ್ಕಿಗೆ ಹಲವು ದಾರಿಗಳಿರುವ ವ್ಯವಸ್ಥೆ) ಎಲ್ಲ ದಾರಿಯೂ ಬಿದ್ದು 'ಕ್ಯೂ_ಇಫ್_ನೋ_ಪಾತ್' ಇದ್ದರೆ ಐಒ (ಡಿಸ್ಕಿನ ಓದು-ಬರಹ) ಸರದಿಯಲ್ಲೇ ಕೊಳೆಯುತ್ತದೆ. ದಾರಿ ಸರಿಪಡಿಸಿ, ಆಗದಿದ್ದರೆ 'ಡಿಎಂಸೆಟಪ್ ಮೆಸೇಜ್' ಮೂಲಕ ಆ ಮ್ಯಾಪಿಗೆ 'ಫೇಲ್_ಇಫ್_ನೋ_ಪಾತ್' ಕಳಿಸಿ. ಅದರಿಂದ ಸರದಿಯಲ್ಲಿದ್ದ ಬರಹಗಳೆಲ್ಲ ಎರರ್ ಆಗುತ್ತವೆ, ಮೇಲಿನ ಡೇಟಾಬೇಸಿನವರಿಗೆ ಮೊದಲೇ ಹೇಳಿಬಿಡಿ. ಎರಡನೆಯದು, 'ಡಿಎಂಸೆಟಪ್ ಇನ್ಫೋ'ದಲ್ಲಿ 'ಸಸ್ಪೆಂಡೆಡ್' ಎಂದು ಕಾಣುವ ವಾಲ್ಯೂಮ್: ಸ್ನ್ಯಾಪ್‌ಶಾಟ್ ಅಥವಾ ರೀಸೈಜ್ ನಡುವೆ ಕಮಾಂಡ್ ಸತ್ತ ಗುರುತು. 'ಡಿಎಂಸೆಟಪ್ ರೆಸ್ಯೂಮ್' ಮಾಡಿದರೆ ಏಳುತ್ತದೆ, ಆದರೆ ಲೋಡ್ ಆಗಿ ಕಾದಿರುವ ಟೇಬಲ್ (ವಾಲ್ಯೂಮಿನ ಯಾವ ಭಾಗ ಯಾವ ಡಿಸ್ಕಿನಲ್ಲಿದೆ ಎಂಬ ನಕ್ಷೆ) ಇದ್ದರೆ ಅದೇ ಜಾರಿಗೆ ಬರುತ್ತದೆ. ಹಾಗಾಗಿ ಮೊದಲು 'ಡಿಎಂಸೆಟಪ್ ಟೇಬಲ್ --ಇನ್ಆ್ಯಕ್ಟಿವ್' ಓದಿ.

ಈ ನಡುವೆ ಮೆಟಾಡೇಟಾ ಮಾತ್ರ ನೋಡಬೇಕಿದ್ದರೆ 'ವಿಜಿಎಸ್ --ರೀಡ್‌ಓನ್ಲಿ' ಲಾಕ್ ಕೇಳುವುದಿಲ್ಲ. ವಾಲ್ಯೂಮ್ ಬಳಕೆಯಲ್ಲಿದೆಯೋ ಇಲ್ಲವೋ ಎಂಬುದನ್ನೂ ಹೇಳುವುದಿಲ್ಲ. ಲಾಕ್ ಫೈಲಿನ ಹೆಸರಿನ ಮುಂದೆ 'ಪರ್ಮಿಷನ್ ಡಿನೈಡ್' ಬಂದರೆ ಸುಡೋ ಮರೆತಿದ್ದೀರಿ, ಅಷ್ಟೇ.

ನಿಜವಾಗಿಯೂ ಹಳಸಿದ ಲಾಕ್ ಬೇಕಿದ್ದರೆ ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ಗೆ ಹೋಗಬೇಕು. ಅಲ್ಲಿ ಕಮಾಂಡ್ ಅರ್ಧಕ್ಕೆ ಸತ್ತರೆ ವಾಲ್ಯೂಮ್ ಗ್ರೂಪ್ ಲಾಕ್ ಆಗಿಯೇ ಉಳಿಯಬಹುದು, ಬಿಡಿಸಲೆಂದೇ 'ಸಿಎಚ್‌ವಿಜಿ -ಯು' ಇದೆ. ಬೇರೆ ಎಲ್‌ವಿಎಂ ಕಮಾಂಡ್ ಓಡುತ್ತಿಲ್ಲವೆಂದು 'ಪಿಎಸ್'ನಲ್ಲಿ ಖಚಿತವಾದ ಮೇಲಷ್ಟೇ ಅದನ್ನು ಮುಟ್ಟಿ.